ಮಗನ ರಾಜ್ಯ ಕಾಪಾಡಿ ಮಗನಿಗೇ ಒಪ್ಪಿಸಿದ ತಾಯಿ: ವಾಣಿವಿಲಾಸ ಕೆಂಪನಂಜಮ್ಮಣ್ಣಿ

ಮಳೆ ಚೆನ್ನಾಗಿ ಆದ ವರ್ಷ ಮಾರ್ಕೋನಹಳ್ಳಿ ಡ್ಯಾಂ ನೋಡೋಕೆ ಜನ ಜಾತ್ರೆ ಥರ ಸೇರುತ್ತಾರೆ. ಕುಣಿಗಲ್, ಗುಬ್ಬಿ, ತುಮಕೂರು ಕಡೆಯಿಂದ ಬೈಕು, ಟೆಂಪೋ ಮಾಡಿಕೊಂಡು ಬರುವವರು ಏರಿ ಮೇಲೆ ನಿಂತು ನೋಡೋದು ಒಂದೇ, ಸೈಫನ್. ನೀರು ಪೂರ್ತಿ ಮಟ್ಟ ಮುಟ್ಟಿದ ಕೂಡಲೇ ಯಾರೂ ಗೇಟು ಎತ್ತಬೇಕಾಗಿಲ್ಲ, ತಾನಾಗೇ ನೀರು ಎಳೆದು ಆಚೆ ಬಿಡುತ್ತದೆ. ನಡುವೆ 139 ಮೀಟರ್ ಉದ್ದದ ಕಲ್ಲಿನ ಕಟ್ಟೆ, ಎರಡೂ ಕಡೆ ಮಣ್ಣಿನ ಏರಿ, ಒಳಗೆ ಸುಮಾರು 2.4 ಟಿಎಂಸಿ ನೀರು. ಇದನ್ನು ನಂಬಿಕೊಂಡ ಅಚ್ಚುಕಟ್ಟು ಸುಮಾರು 15,000 ಎಕರೆ.

ಇದನ್ನು ಕಟ್ಟಿಸಿದ್ದು ಯಾರು ಅಂತ ಕೇಳಿದರೆ ಊರಿನ ಹಿರಿಯರು ತಟ್ಟನೆ ಹೇಳುತ್ತಾರೆ, ನಾಲ್ವಡಿ ಕೃಷ್ಣರಾಜ ಒಡೆಯರ್. ಅದು ಸರಿಯೇ. ಆದರೆ ನಾಲ್ವಡಿಯವರ ಕೈಗೆ ರಾಜ್ಯ ಸುಸೂತ್ರವಾಗಿ ಬಂದದ್ದು ಹೇಗೆ ಅನ್ನುವುದು ಬೇರೆ ಕತೆ. ತಂದೆ ತೀರಿಕೊಂಡಾಗ ಅವರಿಗೆ ಹತ್ತು ವರ್ಷ. ಅಲ್ಲಿಂದ ಏಳೂವರೆ ವರ್ಷ ಮೈಸೂರು ಸಂಸ್ಥಾನ ನಡೆಸಿದ್ದು ಅವರ ತಾಯಿ, ಮಹಾರಾಣಿ ಕೆಂಪನಂಜಮ್ಮಣ್ಣಿ. ವಾಣಿವಿಲಾಸ ಸನ್ನಿಧಾನ ಅನ್ನುವುದು ಅವರ ಬಿರುದು. ಬೆಂಗಳೂರಿನ ಆಸ್ಪತ್ರೆ, ರಸ್ತೆ, ಹಿರಿಯೂರಿನ ಜಲಾಶಯ ಹೀಗೆ ಎಷ್ಟೋ ಕಡೆ ಆ ಹೆಸರು ಇದೆ. ದಿನಾ ಆ ಹೆಸರು ಹೇಳುವವರಲ್ಲಿ ಅದು ಒಬ್ಬ ಹೆಣ್ಣುಮಗಳ ಹೆಸರು ಅಂತ ಗೊತ್ತಿರುವವರು ಕಡಿಮೆ.

ಕಳಲೆಯಿಂದ ಅರಮನೆಗೆ

ಕೆಂಪನಂಜಮ್ಮಣ್ಣಿ ಹುಟ್ಟಿದ್ದು 1866ರಲ್ಲಿ, ಕಳಲೆ ಮನೆತನದಲ್ಲಿ. ನಂಜನಗೂಡು ಹತ್ತಿರದ ಕಳಲೆಗೂ ಮೈಸೂರು ಅರಮನೆಗೂ ತಲೆತಲಾಂತರದಿಂದ ಹೆಣ್ಣು ಕೊಟ್ಟು ತರುವ ಸಂಬಂಧ. 1878ರಲ್ಲಿ, ಹನ್ನೆರಡು ವರ್ಷಕ್ಕೆ, ಚಾಮರಾಜೇಂದ್ರ ಒಡೆಯರ್ ಜೊತೆ ಮದುವೆ ಆಯಿತು.

ಆ ಹೊತ್ತಿಗೆ ರಾಜ್ಯ ಇನ್ನೂ ಒಡೆಯರ ಕೈಯಲ್ಲಿ ಇರಲಿಲ್ಲ. 1831ರಿಂದ ಐವತ್ತು ವರ್ಷ ಬ್ರಿಟಿಷ್ ಕಮಿಷನರುಗಳೇ ಆಡಳಿತ ನಡೆಸಿದ್ದರು. ಅದರ ಮೇಲೆ 1876ರಿಂದ 78ರವರೆಗೆ ಬಂದ ಬರ. ನಮ್ಮ ಕಡೆಯ ಅಜ್ಜಂದಿರು ತಮ್ಮ ಅಜ್ಜಂದಿರಿಂದ ಕೇಳಿ ಹೇಳುತ್ತಿದ್ದ ಆ ಬರದಲ್ಲಿ ಸಂಸ್ಥಾನದ ಸುಮಾರು ಐದರಲ್ಲಿ ಒಂದು ಪಾಲು ಜನ ಕಳೆದುಹೋದರು. 1881ರ ಮಾರ್ಚ್ 25ರಂದು ರಾಜ್ಯ ಚಾಮರಾಜೇಂದ್ರರ ಕೈಗೆ ಮರಳಿ ಬಂದಾಗ ಅವರಿಗೆ ಸಿಕ್ಕಿದ್ದು ಬರದಿಂದ ಬಡವಾದ, ಸಾಲ ಹೊತ್ತ ನಾಡು. ಅದೇ ವರ್ಷ ಪ್ರಜಾಪ್ರತಿನಿಧಿ ಸಭೆ ಶುರುವಾಯಿತು. ತಾಲ್ಲೂಕು ತಾಲ್ಲೂಕಿನಿಂದ ರೈತರು, ವರ್ತಕರು ದಸರಾಗೆ ಮೈಸೂರಿಗೆ ಹೋಗಿ ತಮ್ಮ ಕಷ್ಟಸುಖ ಹೇಳಿಕೊಳ್ಳುವ ಸಭೆ ಅದು. 1884ರಲ್ಲಿ ಬೆಂಗಳೂರಿನಿಂದ ತುಮಕೂರಿಗೆ ರೈಲು ಬಂತು. ಅದೇ ವರ್ಷ ಜೂನ್ 4ರಂದು ಮಹಾರಾಣಿಗೆ ಗಂಡುಮಗು ಹುಟ್ಟಿತು. ಅವರೇ ಮುಂದೆ ನಾಲ್ವಡಿಯವರು.

ಹಿರಿಯ ಮಗಳು ಜಯಲಕ್ಷ್ಮಮ್ಮಣ್ಣಿ, ಆಮೇಲೆ ಕೃಷ್ಣಾಜಮ್ಮಣ್ಣಿ, ಚೆಲುವಾಜಮ್ಮಣ್ಣಿ. ಗಂಡುಮಕ್ಕಳು ಕೃಷ್ಣರಾಜ, ಕಂಠೀರವ ನರಸಿಂಹರಾಜ. ಮಕ್ಕಳು, ಪೂಜೆ, ವ್ರತ, ಅರಮನೆಯ ಒಳಾಡಳಿತ, ಇಷ್ಟೇ ಬದುಕು ಅಂದುಕೊಂಡು ಇರಬಹುದಿತ್ತು. ಅರಮನೆ ಹೆಂಗಸರು ಹೊರಗಿನ ಗಂಡಸರಿಗೆ ಮುಖ ತೋರಿಸದ ಕಾಲ ಅದು.

ಕಲ್ಕತ್ತದಿಂದ ಬಂದ ಸಿಡಿಲು

1894ರ ಡಿಸೆಂಬರಿನಲ್ಲಿ ಚಾಮರಾಜೇಂದ್ರರು ಕಲ್ಕತ್ತಕ್ಕೆ ಹೋಗಿದ್ದರು. ಅಲ್ಲಿ ಗಂಟಲುಮಾರಿ, ಅಂದರೆ ಡಿಫ್ತೀರಿಯಾ ತಗುಲಿತು. ಡಿಸೆಂಬರ್ 28ರಂದು ತೀರಿಕೊಂಡರು. ವಯಸ್ಸು ಬರೀ 31. ಅಂತ್ಯಕ್ರಿಯೆಯೂ ಅಲ್ಲೇ ಆಯಿತು.

ಮಹಾರಾಣಿಗೆ ಆಗ 28 ವರ್ಷ. ಐದು ಮಕ್ಕಳು. ದೊಡ್ಡ ಮಗನಿಗೆ ಹತ್ತು, ಚಿಕ್ಕ ಮಗನಿಗೆ ಆರು.

ನಮ್ಮ ಪೇಟೆ ಬೀದಿಗಳಲ್ಲೂ ಇಂಥ ಮನೆಗಳಿವೆ. ಯಜಮಾನ ದಿಢೀರನೆ ಹೋಗಿಬಿಡುತ್ತಾನೆ, ಮಗ ಇನ್ನೂ ಐದನೇ ಕ್ಲಾಸು. ಅಂಗಡಿ ಮುಚ್ಚೋದೋ, ಬಾಡಿಗೆಗೆ ಕೊಡೋದೋ ಅಂತ ನೆಂಟರು ಲೆಕ್ಕ ಹಾಕುತ್ತಿರುವಾಗ ತಾಯಿ ಬೀಗದ ಕೈ ತಗೊಂಡು ಗಲ್ಲಾದ ಮುಂದೆ ಕೂರುತ್ತಾಳೆ. ಕೆಂಪನಂಜಮ್ಮಣ್ಣಿಯವರ ಪಾಲಿಗೆ ಬಂದದ್ದೂ ಅದೇ ಕೆಲಸ. ಅಂಗಡಿ ಮಾತ್ರ ದೊಡ್ಡದು, ಇಡೀ ಮೈಸೂರು ಸಂಸ್ಥಾನ.

ರಾಜ ಇಲ್ಲದ ರಾಜ್ಯ ಮತ್ತೆ ಪೂರ್ತಿ ಬ್ರಿಟಿಷರ ಕೈಗೆ ಹೋಗಲು ದಾರಿ ತೆರೆದೇ ಇತ್ತು. ಐವತ್ತು ವರ್ಷ ಹಾಗೇ ನಡೆದಿತ್ತಲ್ಲ, ರಾಜ್ಯ ವಾಪಸ್ ಬಂದು ಹದಿನಾಲ್ಕು ವರ್ಷವೂ ತುಂಬಿರಲಿಲ್ಲ. ಆದರೆ 1895ರ ಫೆಬ್ರವರಿ 1ರಂದು ಹುಡುಗ ಕೃಷ್ಣರಾಜರಿಗೆ ಪಟ್ಟ ಆಯಿತು. ಅವರು ಪ್ರಾಯಕ್ಕೆ ಬರುವ ತನಕ ತಾಯಿಯೇ ರೀಜೆಂಟ್, ಅಂದರೆ ಮಗನ ಪರವಾಗಿ ರಾಜ್ಯ ನೋಡಿಕೊಳ್ಳುವವರು. ಪಕ್ಕಕ್ಕೆ ದಿವಾನ್ ಶೇಷಾದ್ರಿ ಅಯ್ಯರ್, ಸಲಹೆಗೆ ಒಂದು ಆಡಳಿತ ಸಮಿತಿ. ಕೊನೆಯ ಒಪ್ಪಿಗೆ ಮಾತ್ರ ಮಹಾರಾಣಿಯವರದೇ.

ಮದುವೆ ಮನೆಯಲ್ಲಿ ಬೆಂಕಿ, ಊರಿನಲ್ಲಿ ಪ್ಲೇಗು

ಕೂತ ಜಾಗ ಹೂವಿನ ಹಾಸಿಗೆ ಆಗಿರಲಿಲ್ಲ. 1897ರಲ್ಲಿ ಹಿರಿಯ ಮಗಳು ಜಯಲಕ್ಷ್ಮಮ್ಮಣ್ಣಿಯ ಮದುವೆ. ಗಂಡು ಮಹಾರಾಣಿಯವರ ಸ್ವಂತ ತಮ್ಮ ಕಾಂತರಾಜ ಅರಸು. ಸೋದರಮಾವನಿಗೆ ಹೆಣ್ಣು ಕೊಡುವುದು ನಮ್ಮ ಕಡೆ ಹೊಸದೇನಲ್ಲ. ಈ ಕಾಂತರಾಜ ಅರಸರೇ ಮುಂದೆ 1919ರಲ್ಲಿ ಮೈಸೂರಿನ ದಿವಾನರಾದರು. ಆ ಮದುವೆಯ ಸಂಭ್ರಮದ ನಡುವೆಯೇ ಮರದ ಹಳೇ ಅರಮನೆಗೆ ಬೆಂಕಿ ಬಿತ್ತು. ಕಣ್ಣೆದುರೇ ಮನೆ ಸುಟ್ಟು ಬೂದಿಯಾಯಿತು. ಗಂಡ ಹೋಗಿ ಎರಡು ವರ್ಷ ಕಳೆದಿತ್ತಷ್ಟೇ.

ಸಂಸಾರ ಜಗನ್ಮೋಹನ ಅರಮನೆಗೆ ಬಂತು. ಅದೇ ವರ್ಷ ಹೊಸ ಅರಮನೆಯ ಕೆಲಸ ಇಂಜಿನಿಯರ್ ಹೆನ್ರಿ ಇರ್ವಿನ್ ಕೈಗೆ ಹೋಯಿತು. ಈ ಸಲ ಮರದ್ದಲ್ಲ, ಕಲ್ಲು, ಇಟ್ಟಿಗೆ, ಕಬ್ಬಿಣದ್ದು. ಇವತ್ತು ದಸರಾಗೆ ಮಕ್ಕಳನ್ನು ಕರಕೊಂಡು ಹೋಗಿ ದೀಪ ತೋರಿಸುತ್ತೇವಲ್ಲ, ಅದೇ ಅರಮನೆ. 1912ರಲ್ಲಿ ಮುಗಿಯುವ ಹೊತ್ತಿಗೆ 41 ಲಕ್ಷ ಚಿಲ್ಲರೆ ರೂಪಾಯಿ ಖರ್ಚಾಗಿತ್ತು.

ಮರು ವರ್ಷ, 1898ರ ಆಗಸ್ಟ್ ಹೊತ್ತಿಗೆ, ಬೆಂಗಳೂರಿಗೆ ಪ್ಲೇಗು ಕಾಲಿಟ್ಟಿತು. ಇಲಿ ಬಿದ್ದರೆ ಮನೆ ಖಾಲಿ ಮಾಡು ಅನ್ನುವ ಮಾತು ಹುಟ್ಟಿದ್ದು ಆ ದಿನಗಳಲ್ಲಿ. ಜನ ಊರು ಬಿಟ್ಟು ಹೊಲ, ತೋಪುಗಳಲ್ಲಿ ಗುಡಿಸಲು ಹಾಕಿಕೊಂಡರು. ಕಿಷ್ಕಿಂಧೆಯಂಥ ಪೇಟೆ ಬೀದಿಗಳಲ್ಲಿ ಗಾಳಿ ಬೆಳಕಿಲ್ಲದೆ ರೋಗ ಹಬ್ಬುತ್ತದೆ ಅಂತ ಅರಿವಾದ ಮೇಲೆ, ಅಗಲ ರಸ್ತೆ, ಚರಂಡಿ ಇಟ್ಟುಕೊಂಡು ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೆಳೆದವು. ನಮ್ಮ ಕಡೆಯ ಹುಡುಗರು ಓದೋಕೆ, ಕೆಲಸಕ್ಕೆ ಹೋಗಿ ರೂಮು ಮಾಡಿಕೊಂಡಿರುವ ಆ ಬಡಾವಣೆಗಳ ಬೇರು ಪ್ಲೇಗಿನಲ್ಲಿದೆ.

ಅದಕ್ಕೂ ಮುಂಚೆಯೇ, 1897ರ ಜೂನ್ 22ರಂದು, ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಗೆ ಮಹಾರಾಣಿಯವರೇ ಅಡಿಗಲ್ಲು ಹಾಕಿದ್ದರು. 1900ರ ಡಿಸೆಂಬರಿನಲ್ಲಿ ವೈಸರಾಯ್ ಲಾರ್ಡ್ ಕರ್ಜನ್ ಬಂದು ಅದನ್ನು ತೆರೆದರು. ತಾಲ್ಲೂಕಿನಲ್ಲಿ ಗುಣವಾಗದ ಕಾಯಿಲೆಗೆ ಇವತ್ತಿಗೂ ನಮ್ಮ ಬಡಜನ ಹುಡುಕಿಕೊಂಡು ಹೋಗುವ ಬಾಗಿಲು ಅದು.

ನೀರು, ರಾಗಿ, ಕರೆಂಟು

ಕಷ್ಟಕಾಲದಲ್ಲಿ ಅಂಗಡಿ ನಡೆಸುವವರು ಸಾಮಾನ್ಯವಾಗಿ ಇದ್ದದ್ದನ್ನು ಉಳಿಸಿಕೊಂಡರೆ ಸಾಕು ಅಂತಾರೆ. ಹೊಸ ಬಂಡವಾಳ ಹಾಕುವ ಧೈರ್ಯ ಮಾಡುವುದಿಲ್ಲ. ಮಹಾರಾಣಿಯವರ ಏಳೂವರೆ ವರ್ಷದ ವಿಶೇಷ ಇರುವುದೇ ಇಲ್ಲಿ. ಬೆಂಕಿ, ಪ್ಲೇಗು, ಮಳೆ ಕೈಕೊಟ್ಟ ವರ್ಷಗಳ ನಡುವೆ, ತಮ್ಮ ಕಾಲದಲ್ಲಿ ಫಲ ಕೊಡದ ಕೆಲಸಗಳಿಗೆ ಅವರು ಕೈ ಹಾಕಿದರು.

ಮೊದಲನೆಯದು ಹಿರಿಯೂರಿನ ಮಾರಿಕಣಿವೆ. ವೇದಾವತಿ ನದಿ ಎರಡು ಗುಡ್ಡಗಳ ನಡುವೆ ಸಣ್ಣ ಕಂಡಿಯಲ್ಲಿ ಹರಿದುಹೋಗುವ ಜಾಗ. ಅಲ್ಲಿ ಕಟ್ಟೆ ಕಟ್ಟಿದರೆ 30 ಟಿಎಂಸಿ ನೀರು ನಿಲ್ಲುತ್ತದೆ. ನಮ್ಮ ಮಾರ್ಕೋನಹಳ್ಳಿಯಂಥ ಹನ್ನೆರಡು ಕೆರೆ ಒಟ್ಟಿಗೆ ಸೇರಿಸಿದಷ್ಟು. ಇವರ ಕಾಲದಲ್ಲಿ ಕೆಲಸ ಶುರುವಾಗಿ 1907ರಲ್ಲಿ ಮುಗಿಯಿತು. ಅಷ್ಟು ಹೊತ್ತಿಗೆ ಇವರು ಅಧಿಕಾರ ಬಿಟ್ಟು ಐದು ವರ್ಷ ಆಗಿತ್ತು. ಹೆಸರು ಮಾತ್ರ ವಾಣಿವಿಲಾಸ ಸಾಗರ ಅಂತಲೇ ಉಳಿಯಿತು. ಬಯಲುಸೀಮೆಯ ಮಳೆಗೆ ಇಷ್ಟು ದೊಡ್ಡ ಕೆರೆ ತುಂಬುವುದು ಸುಲಭದ ಮಾತಲ್ಲ. ಮೊದಲ ಸಲ ಕೋಡಿ ಬಿದ್ದದ್ದು 1933ರಲ್ಲಿ. ಮತ್ತೆ ಕೋಡಿ ಹರಿಯಲು 2022ರವರೆಗೆ ಕಾಯಬೇಕಾಯಿತು. ಆದರೆ ತುಂಬದ ವರ್ಷಗಳಲ್ಲೂ ಆ ನೀರು ಹಿರಿಯೂರಿನ ತೆಂಗು, ಅಡಿಕೆ ಉಳಿಸಿದೆ, ಚಿತ್ರದುರ್ಗಕ್ಕೆ ಕುಡಿಯುವ ನೀರು ಕೊಟ್ಟಿದೆ.

ಎರಡನೆಯದು ರೈತರಿಗೆ ನೇರವಾಗಿ ಸಂಬಂಧಪಟ್ಟದ್ದು. 1899ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಬೆಳೆ ಪ್ರಯೋಗಕ್ಕೆ ಅಂತ ಮಹಾರಾಣಿಯವರು 30 ಎಕರೆ ಜಮೀನು ಕೊಟ್ಟರು. ಲೆಹ್ಮನ್ ಅನ್ನುವ ವಿಜ್ಞಾನಿ ಅಲ್ಲಿ ಮಣ್ಣು, ಗೊಬ್ಬರದ ಕೆಲಸ ಶುರು ಮಾಡಿದರು. ಆ 30 ಎಕರೆಯ ಬೀಜವೇ ಮುಂದೆ ಬೆಳೆದು ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಆಯಿತು. ನಮ್ಮ ಹೊಲಗಳಲ್ಲಿ ಜಿಪಿಯು-28 ರಾಗಿ ಬಿತ್ತುವವರು, ಕೃಷಿ ಮೇಳಕ್ಕೆ ಜಿಕೆವಿಕೆಗೆ ಬಸ್ಸು ಹತ್ತುವವರು ಒಂದು ಸಲ ಆ 30 ಎಕರೆಯನ್ನು ನೆನೆಯಬಹುದು.

ಮೂರನೆಯದು ಕರೆಂಟು. ದೇವರಾಯನದುರ್ಗದಲ್ಲಿ ಹುಟ್ಟಿ, ಮಾರ್ಕೋನಹಳ್ಳಿ ದಾಟಿ ಹೋಗುವ ನಮ್ಮ ಶಿಂಷಾ ನದಿ ಕಾವೇರಿಗೆ ಸೇರುವುದು ಶಿವನಸಮುದ್ರದ ಆಚೆ. ಆ ಶಿವನಸಮುದ್ರದಲ್ಲಿ ಕಾವೇರಿ ಧುಮುಕುವ ರಭಸದಿಂದ ವಿದ್ಯುತ್ ತೆಗೆಯಬಹುದು ಅಂತ ಇಂಜಿನಿಯರ್ ಲಾಟ್ಬಿನಿಯರ್ ಯೋಜನೆ ಮಾಡಿದರು. ಕರೆಂಟು ಅಂದರೆ ಏನು ಅಂತ ದೊಡ್ಡ ದೊಡ್ಡವರಿಗೂ ಗೊತ್ತಿರದ ಕಾಲ. ಯಂತ್ರಗಳು ಅಮೆರಿಕದಿಂದ ಬರಬೇಕು. ಕಾಡು, ಗುಡ್ಡ ದಾಟಿ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ತಂತಿ ಎಳೆಯಬೇಕು. ಆ ಕಾಲಕ್ಕೆ ಇಷ್ಟು ದೂರ ಕರೆಂಟು ಒಯ್ಯುವ ಲೈನುಗಳು ಜಗತ್ತಿನಲ್ಲೇ ಬೆರಳೆಣಿಕೆ. ದುಡ್ಡು ಮುಳುಗಿದರೆ ಹತ್ತಾರು ವರ್ಷ ಸಂಸ್ಥಾನ ತಲೆ ಎತ್ತುವ ಹಾಗಿರಲಿಲ್ಲ, ಬೈಗುಳ ತಿನ್ನುವವರು ಇವರೇ. ಆದರೂ ಒಪ್ಪಿಗೆ ಕೊಟ್ಟರು. 1902ರ ಜೂನ್ 30ರಂದು ಶಿವನಸಮುದ್ರದ ಕರೆಂಟು ಕೋಲಾರದ ಗಣಿ ಮುಟ್ಟಿತು.

ಆ ಕರೆಂಟು ಮೊದಲು ಹೋದದ್ದು ಇಂಗ್ಲಿಷ್ ಕಂಪನಿಗಳ ಗಣಿಗೆ, ನಮ್ಮ ಮನೆಗಳಿಗಲ್ಲ, ಅದೂ ನಿಜ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಹಳ್ಳಿಗಳು ಇನ್ನೂ ಎಷ್ಟೋ ದಶಕ ಬುಡ್ಡಿ ದೀಪದಲ್ಲೇ ಕಾದವು. ಆದರೆ ಗಣಿಗೆ ಮಾರಿದ ಕರೆಂಟಿನ ಹಣ ಖಜಾನೆಗೆ ಬರತೊಡಗಿತು.

ಯೋಜನೆ ಹಾಕಿದ್ದು ದಿವಾನರು, ಇಂಜಿನಿಯರುಗಳು, ಮಹಾರಾಣಿ ಸಹಿ ಹಾಕಿದರು ಅಷ್ಟೇ ಅನ್ನುವವರಿದ್ದಾರೆ. ಶೇಷಾದ್ರಿ ಅಯ್ಯರ್ ಪಾಲು ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವರು 1901ರಲ್ಲಿ ಆರೋಗ್ಯ ಕೆಟ್ಟು ಕೆಲಸ ಬಿಟ್ಟರು, ಅದೇ ವರ್ಷ ತೀರಿಕೊಂಡರು. ಆಮೇಲೂ ಕೆಲಸ ನಿಲ್ಲಲಿಲ್ಲ, ಮಾರಿಕಣಿವೆಯಲ್ಲೂ ನಿಲ್ಲಲಿಲ್ಲ, ಶಿವನಸಮುದ್ರದಲ್ಲೂ ನಿಲ್ಲಲಿಲ್ಲ. ಮೇಸ್ತ್ರಿ ಬದಲಾದರೂ ಕಟ್ಟಡ ಏಳುತ್ತಿದೆ ಅಂದರೆ ಮನೆ ಯಜಮಾನಿ ಗಟ್ಟಿ ಇದ್ದಾಳೆ ಅಂತಲೇ ಅರ್ಥ.

ಮನೆಯೊಳಗಿನ ಕೆಲಸ

ಇಷ್ಟೆಲ್ಲದರ ನಡುವೆ ಮಕ್ಕಳನ್ನು ಬೆಳೆಸಬೇಕು. ಹುಡುಗ ರಾಜನ ಓದಿಗೆ ಸ್ಟುವರ್ಟ್ ಫ್ರೇಜರ್ ಅನ್ನುವ ಐಸಿಎಸ್ ಅಧಿಕಾರಿ ಬಂದರು. ಒಬ್ಬನೇ ಕೂತು ಓದಿದರೆ ಮಗು ಬೆಳೆಯುವುದಿಲ್ಲ ಅಂತ ಜೊತೆಗೆ ಬೇರೆ ಹುಡುಗರನ್ನೂ ಸೇರಿಸಿ ಪಾಠ ನಡೆಯಿತು. ಆ ಕ್ಲಾಸಿನಲ್ಲಿ ಇದ್ದ ಒಬ್ಬ ಹುಡುಗ ಮಿರ್ಜಾ ಇಸ್ಮಾಯಿಲ್. ಮುಂದೆ 1926ರಿಂದ 1941ರವರೆಗೆ ಮೈಸೂರಿನ ದಿವಾನರಾದವರು. ಮಾರ್ಕೋನಹಳ್ಳಿ ಡ್ಯಾಂ ಆದದ್ದು ಇವರ ಆಡಳಿತದ ದಿನಗಳಲ್ಲಿ. ಅಂದರೆ ಒಂದೇ ಬೆಂಚಿನ ಇಬ್ಬರು ಹುಡುಗರಲ್ಲಿ ಒಬ್ಬರು ರಾಜ, ಒಬ್ಬರು ದಿವಾನ. ಆ ಬೆಂಚು ಹಾಕಿಸಿದ್ದು ಈ ತಾಯಿಯ ಕಾಲದಲ್ಲಿ.

ಹೆಣ್ಣುಮಕ್ಕಳ ಓದಿಗೂ ಅರಮನೆಯ ಬೆಂಬಲ ಇತ್ತು. ಅಂಬಳೆ ನರಸಿಂಹ ಅಯ್ಯಂಗಾರ್ ಮೈಸೂರಿನಲ್ಲಿ 1881ರಲ್ಲಿ ಶುರು ಮಾಡಿದ ಹುಡುಗಿಯರ ಶಾಲೆ ಮಹಾರಾಣಿಯ ಹೆಸರಿನಲ್ಲೇ ಬೆಳೆಯಿತು, ಇವರ ಆಡಳಿತದ ಕೊನೆಯ ಹೊತ್ತಿಗೆ ಕಾಲೇಜಿನ ಮಟ್ಟ ಮುಟ್ಟಿತು. ಓದಿದ ಹೆಣ್ಣು ವಿಧವೆ ಆಗುತ್ತಾಳೆ ಅಂತ ಹೆದರಿಸುತ್ತಿದ್ದ ದಿನಗಳಲ್ಲಿ, ಆಳುವವರೇ ಒಬ್ಬ ವಿಧವೆ, ಅವರೇ ಹೆಣ್ಣುಮಕ್ಕಳ ಶಾಲೆಯ ಬೆನ್ನಿಗೆ ನಿಂತವರು.

ಚಾಮರಾಜೇಂದ್ರರು ಹೋಗುವ ಕೆಲವೇ ತಿಂಗಳ ಮುಂಚೆ, 1894ರಲ್ಲಿ, ಎಂಟು ವರ್ಷ ತುಂಬದ ಹೆಣ್ಣುಮಕ್ಕಳ ಮದುವೆ ಮಾಡಬಾರದು ಅಂತ ಸಂಸ್ಥಾನದಲ್ಲಿ ಕಾನೂನು ಆಗಿತ್ತು. ಜಾರಿಗೆ ತರುವ ಹೊಣೆ ಬಿದ್ದದ್ದು ಮಹಾರಾಣಿಯವರ ಮೇಲೆ. ಇವತ್ತಿನ ಕಣ್ಣಿಗೆ ಎಂಟು ವರ್ಷ ಅನ್ನುವುದು ಲೆಕ್ಕಕ್ಕೇ ಇಲ್ಲ. ಸ್ವತಃ ಇವರ ಮದುವೆ ಆದದ್ದು ಹನ್ನೆರಡಕ್ಕೆ. 1900ರಲ್ಲಿ ಮಗನಿಗೆ ಕಾಠಿಯಾವಾಡದ ಪ್ರತಾಪಕುಮಾರಿಯನ್ನು ತಂದುಕೊಂಡಾಗ ಗಂಡಿಗೂ ಹದಿನಾರೇ. ಆದರೆ ತೊಟ್ಟಿಲಲ್ಲೇ ತಾಳಿ ಕಟ್ಟುತ್ತಿದ್ದ ಕಾಲದಲ್ಲಿ ಅಷ್ಟಕ್ಕೇ ಊರೂರಲ್ಲಿ ವಿರೋಧ ಇತ್ತು.

ಬೀಗದ ಕೈ ವಾಪಸ್ ಕೊಟ್ಟ ದಿನ

1902ರ ಆಗಸ್ಟ್ 8. ಜಗನ್ಮೋಹನ ಅರಮನೆಯಲ್ಲಿ ಲಾರ್ಡ್ ಕರ್ಜನ್ ಎದುರು ಹದಿನೆಂಟು ತುಂಬಿದ ಕೃಷ್ಣರಾಜರಿಗೆ ಪೂರ್ಣ ಅಧಿಕಾರ ಸಿಕ್ಕಿತು. ಶಿವನಸಮುದ್ರದ ಕರೆಂಟು ಗಣಿ ಮುಟ್ಟಿ ಆರು ವಾರವೂ ಆಗಿರಲಿಲ್ಲ.

ತಾಯಿಗೆ ಆಗ 36 ವರ್ಷ. ದುಡಿಯುವ ವಯಸ್ಸು. ಏಳೂವರೆ ವರ್ಷ ಕೂತ ಕುರ್ಚಿ. ನಡೆಯುತ್ತಿದ್ದ ದೊಡ್ಡ ಕೆಲಸಗಳಲ್ಲಿ ಮುಗಿದಿದ್ದು ಕೆಲವೇ. ಕುರ್ಚಿ ಬಿಡಲಾರದೆ ಅಪ್ಪ ಮಕ್ಕಳೇ ಕೋರ್ಟು ಹತ್ತುವುದನ್ನು ಕಂಡಿರುವ ನಮಗೆ ಆ ದಿನದ ಬೆಲೆ ಗೊತ್ತಾಗುತ್ತದೆ. ಅವರು ಹೇಳಿದ ದಿನಕ್ಕೆ, ಹೇಳಿದವರ ಕೈಗೆ ಒಪ್ಪಿಸಿ ಒಳಕ್ಕೆ ನಡೆದರು.

ಒಪ್ಪಿಸಿದ್ದು ಏನನ್ನು ಅಂದರೆ, ವಿದ್ಯುತ್ ಇದ್ದ ಸಂಸ್ಥಾನ, ಅರ್ಧ ಎದ್ದ ದೊಡ್ಡ ಜಲಾಶಯ, ಹೊಸ ಆಸ್ಪತ್ರೆ, ಹೊಸ ಬಡಾವಣೆ, ಮೇಲೇಳುತ್ತಿದ್ದ ಅರಮನೆ. ಜೊತೆಗೆ ಜೆಮ್ಶೆಡ್‌ಜಿ ಟಾಟಾ ಅವರ ವಿಜ್ಞಾನ ಸಂಸ್ಥೆಗೆ ಜಾಗ ಕೊಡುವ ಮಾತು. 1907ರಲ್ಲಿ ಮಗ ಆ ಮಾತು ಉಳಿಸಿ 371 ಎಕರೆ ಕೊಟ್ಟರು. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್ ನಿಂತಿರುವುದು ಅದೇ ನೆಲದ ಮೇಲೆ. ಕನ್ನಂಬಾಡಿ ಕಟ್ಟೆಗೆ ಅರಮನೆ ಹೆಂಗಸರು ಒಡವೆ ಕೊಟ್ಟರು ಅನ್ನುವ ಕತೆ ನಮ್ಮ ಜನರ ಬಾಯಲ್ಲಿ ಇವತ್ತಿಗೂ ಇದೆ. ಆ ಕತೆ ಪಕ್ಕಕ್ಕಿಟ್ಟು ನೋಡಿದರೂ ಈ ತಾಯಿಯ ಲೆಕ್ಕ ಸಣ್ಣದಲ್ಲ.

ಆಮೇಲೆ 32 ವರ್ಷ ಬದುಕಿದರು. ಸುಖವೇ ಆಗಿರಲಿಲ್ಲ. ಮಗಳು ಕೃಷ್ಣಾಜಮ್ಮಣ್ಣಿ ಕ್ಷಯಕ್ಕೆ ತುತ್ತಾದರು. ಮೈಸೂರಿನ ಪಿಕೆ ಸ್ಯಾನಟೋರಿಯಂ ಆ ಮಗಳ ಹೆಸರಿನದು. ಹಿರಿಯ ಮಗನಿಗೆ ಮಕ್ಕಳಾಗಲಿಲ್ಲ. 1919ರಲ್ಲಿ ಕಿರಿಯ ಮಗನಿಗೆ ಗಂಡುಮಗು ಹುಟ್ಟಿತು. ಆ ಮೊಮ್ಮಗನೇ ಜಯಚಾಮರಾಜ ಒಡೆಯರ್, ಮೈಸೂರಿನ ಕೊನೆಯ ಮಹಾರಾಜ. ಮಗ ಕನ್ನಂಬಾಡಿ ಕಟ್ಟಿದ್ದು, ವಿಶ್ವವಿದ್ಯಾಲಯ ತೆರೆದದ್ದು ಎಲ್ಲವನ್ನೂ ತಾಯಿ ಕಣ್ಣಾರೆ ಕಂಡರು. 1933ರಲ್ಲಿ ತಮ್ಮ ಹೆಸರಿನ ಸಾಗರ ಮೊದಲ ಸಲ ಕೋಡಿ ಬಿದ್ದದ್ದೂ ಅವರ ಕಾಲದಲ್ಲೇ. ಮರು ವರ್ಷ, 1934ರಲ್ಲಿ, ಕಣ್ಣು ಮುಚ್ಚಿದರು.

1935ರಲ್ಲಿ ವಿಕ್ಟೋರಿಯಾ ಪಕ್ಕದಲ್ಲೇ ಹೆಂಗಸರು, ಮಕ್ಕಳಿಗೆ ಅಂತ ಬೇರೆ ಆಸ್ಪತ್ರೆ ತೆರೆಯಿತು. ಅದಕ್ಕೆ ಇಟ್ಟ ಹೆಸರು ವಾಣಿವಿಲಾಸ. ಹೆರಿಗೆ ತೊಡಕಾಗಿ ನಮ್ಮ ತಾಲ್ಲೂಕುಗಳಿಂದ ರಾತ್ರೋರಾತ್ರಿ ಆಂಬುಲೆನ್ಸಿನಲ್ಲಿ ಹೋದ ಎಷ್ಟೋ ತಾಯಂದಿರು ಅಲ್ಲಿಂದ ಮಗು ಎತ್ತಿಕೊಂಡು ಮನೆಗೆ ಬಂದಿದ್ದಾರೆ.

ಮಾರ್ಕೋನಹಳ್ಳಿಯ ಕಟ್ಟೆಯಲ್ಲಿ ಕೆಂಪನಂಜಮ್ಮಣ್ಣಿಯವರ ಹೆಸರಿಲ್ಲ, ಇರಬೇಕಾಗಿಯೂ ಇಲ್ಲ. ಅವರು ಹೋದ ಮೇಲೆ ಆದ ಕಟ್ಟೆ ಅದು. ಆದರೆ ಬೇಸಿಗೆಯಲ್ಲಿ ನಾಲೆಗೆ ನೀರು ಬಿಟ್ಟಾಗ, ತನ್ನ ಕಾಲದಲ್ಲಿ ತುಂಬದಿದ್ದರೂ ಪರವಾಗಿಲ್ಲ, ಮಕ್ಕಳ ಕಾಲಕ್ಕೆ ಕೆರೆ ಇರಬೇಕು ಅನ್ನುವ ಪಾಠವನ್ನು ನಾಲ್ವಡಿಯವರು ಕಲಿತದ್ದು ಯಾರ ಮನೆಯಲ್ಲಿ ಅಂತ ಒಮ್ಮೆ ನೆನೆದರೆ ಸಾಕು. ಯಜಮಾನ ಇಲ್ಲದ ಅಂಗಡಿಯ ಗಲ್ಲಾದ ಮುಂದೆ ಇವತ್ತು ಕೂತಿರುವ ನಮ್ಮ ಪೇಟೆಯ ತಾಯಂದಿರಿಗಂತೂ ಈ ಕತೆ ಬಿಡಿಸಿ ಹೇಳಬೇಕಾಗಿಲ್ಲ.